ಹುಳಿಹಿಟ್ಟಿಗೊಂದು ರಾತ್ರಿ

ನವೆಂಬರ್. ಮೂರು ಗಂಟೆ. ವ್ಯೂರ್ಟ್ಸ್‌ಬುರ್ಗ್ ಹಿಂದೆ ಬಿತ್ತು.
ಕೆಂಪ್ಟನ್ ತನಕ ಒಂದೇ ಓಟ ಅನ್ನುತ್ತಾನೆ ಎಗ್ಬರ್ಟ್,
ಎಡಗಣ್ಣಿಗೆ ಪೊರೆ ಬಂದದ್ದು ಮರೆತವನ ಹಾಗೆ.
ದೀಪ ಹಚ್ಚಿ ಎದುರು ಬರುವ ಲಾರಿಗಳೆಲ್ಲ ಅವನಿಗೆ
ಹತ್ತಿ ಸುತ್ತಿದ ಸೂರ್ಯರು.
ನನಗೆ ಗಾಡಿ ಬಾರದು.
ಮೂವತ್ತೆಂಟು ವರ್ಷ ರಾತ್ರಿ ಎರಡಕ್ಕೆದ್ದು ಬ್ರೆಡ್ಡು ಬೇಯಿಸಿದವಳು,
ಹಾಸಿಗೆಯಿಂದ ಒಲೆಗೆ, ಒಲೆಯಿಂದ ಹಾಸಿಗೆಗೆ,
ಅಷ್ಟೇ ನನ್ನ ಹೆದ್ದಾರಿ.

ತೊಡೆಯ ಮೇಲೆ ಗಾಜಿನ ಜಾಡಿ, ಬಾಯಿಗೆ ಅರಿವೆ,
ಒಳಗೆ ರೈ ಹಿಟ್ಟಿನ ಹುಳಿ.
ಫುಲ್ಡಾದ ಅಂಗಡಿ ಮುಚ್ಚಿದ ವಾರ
ತಕ್ಕಡಿ ಮಾರಿದೆವು, ನಾದುವ ಹಲಗೆ ಮಾರಿದೆವು,
ಒಲೆಯ ಬಾಗಿಲನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆವು.
ಇದನ್ನು ಯಾವ ತೂಕಕ್ಕೆ ಹಾಕುವುದು? ಉಸಿರಾಡುತ್ತದೆ.
ಕೆಂಪ್ಟನ್ನಿನಲ್ಲಿ ಇರ್ಮೆಲಾ ಹೊಸ ಒಲೆ ಕಟ್ಟಿಸಿದ್ದಾಳೆ,
ನನ್ನ ಹತ್ತಿರ ಬೈಸಿಕೊಂಡು ಕಲಿತ ಹುಡುಗಿ. ಅವಳಿಗಿದು.
ಹನ್ನೆರಡು ತಾಸಿಗೊಮ್ಮೆ ಹಿಟ್ಟು, ಉಗುರುಬೆಚ್ಚಗಿನ ನೀರು;
ತಪ್ಪಿದರೆ ಮುನಿಯುತ್ತದೆ, ಮೊದಲು ವಾಸನೆಯಲ್ಲಿ.

ಹಾಗಾಗಿ ಎಲ್ಲಿ ತಂಗುವುದೆಂಬುದು
ಇಬ್ಬರ ಮಾತಲ್ಲ, ಮೂವರದು.
ಎತ್ತು ಏರಿಗೆ, ಕೋಣ ನೀರಿಗೆ,
ಜಾಡಿ ಬೆಚ್ಚಗಿರುವ ಕಡೆಗೆ.

ರೋಥೆನ್‌ಬುರ್ಗ್? ಬೇಡ,
ಜುಲೈನಲ್ಲೂ ಕ್ರಿಸ್‌ಮಸ್ ಮಾರುವ ಊರು ಎಂದ.
ಉಲ್ಮ್? ಅಷ್ಟರಲ್ಲಿ ಕತ್ತಲು ಎಂದೆ. ಸುಮ್ಮನಾದ.
ಡಿಂಕೆಲ್ಸ್‌ಬ್ಯೂಲ್‌ನಲ್ಲಿ ಇಳಿದೆವು, ಹೆಸರಲ್ಲೇ ಧಾನ್ಯವಿದೆಯಲ್ಲ ಎಂದು.
ಹೋಟೆಲಿನ ಹುಡುಗ ಜಾಡಿಯನ್ನೇ ನೋಡಿ
‘ಸಾಕುಪ್ರಾಣಿಗೆ ಹದಿನೈದು ಯೂರೋ’ ಅಂದ.
ತಮಾಷೆಯೋ ನಿಜವೋ, ಅವನ ಮುಖ ಬಿಟ್ಟುಕೊಡಲಿಲ್ಲ.
ಎಗ್ಬರ್ಟ್ ನಕ್ಕ, ಆ ದಿನದಲ್ಲಿ ಮೊದಲ ಸಲ.
ಕೋಣೆಯ ಬಾಡಿಗೆ ಕೇಳಿದ ಮೇಲೆ ನಗು ನಿಂತಿತು.

ಮಂಜು. ಇಪ್ಪತ್ತರ ವೇಗ. ವೈಪರಿನ ಕೀರಲು.
ನನ್ನ ಕೈ ಜಾಡಿಯ ಮೇಲೆ, ಅವನ ಮೂಗು ಗಾಜಿನ ಮೇಲೆ.
ರಸ್ತೆ ಮೆಲ್ಲಗೆ ಒಂದು ಬಟ್ಟಲೊಳಕ್ಕೆ ಇಳಿಯಿತು.
‘ಒಂದೂವರೆ ಕೋಟಿ ವರ್ಷದ ಕೆಳಗೆ
ಆಕಾಶದ ಕಲ್ಲು ಬಿದ್ದ ಗುಳಿ ಇದು’ ಎಂದ,
ನಿವೃತ್ತಿಯಾದರೂ ಮೇಷ್ಟರು ಮೇಷ್ಟರೇ.
ಅದೂ ಎಲ್ಲಿಗೋ ಹೊರಟದ್ದೇ ಇರಬೇಕು ಅಂದುಕೊಂಡೆ,
ಯಾರ ಕಣ್ಣಿಗೆ ಪೊರೆ ಬಂದಿತ್ತೋ.

ನ್ಯೋರ್ಡ್ಲಿಂಗೆನ್ನಿನ ಕೋಟೆಗೋಡೆಯ ಹೊರಗೊಂದು ಮನೆ.
‘ಕೋಣೆ ಖಾಲಿ’ ಎಂಬ ಬೋರ್ಡಿನಲ್ಲಿ
‘ಖಾಲಿ’ಯ ದೀಪ ಕೆಟ್ಟಿತ್ತು.
ಬಾಗಿಲು ತೆಗೆದ ಅಫ್ರಾ ನಮ್ಮ ಹೆಸರು ಕೇಳಲಿಲ್ಲ,
ಅರಿವೆ ಎತ್ತಿ ಮೂಸಿದಳು.
‘ಹಸಿದಿದೆ’ ಅಂದಳು.
ಡಬ್ಬದಿಂದ ಹಿಡಿ ಹಿಟ್ಟು ತಂದಳು. ನಾನು ಕಲಸುವಾಗ
ನೀರು ಎಷ್ಟು ಹಾಕುತ್ತೇನೆಂದು ನೋಡುತ್ತಾ ನಿಂತಳು,
ಅತ್ತೆಯ ಹಾಗೆ.

ಹತ್ತು ಗಂಟೆಗೆ ಗೋಪುರದಿಂದ ಕಾವಲುಗಾರನ ಕೂಗು.
ಏನಂದನೋ. ಎಗ್ಬರ್ಟ್ ಆಗಲೇ ಗೊರಕೆಯಲ್ಲಿದ್ದ.
ಎರಡಕ್ಕೆ ನನಗೆ ಎಚ್ಚರ. ಅಂಗಡಿ ಹೋದರೂ
ಈ ಎರಡು ಗಂಟೆ ಹೋಗಿಲ್ಲ.
ಬರಿಗಾಲಲ್ಲಿ ಇಳಿದು ಅಡುಗೆಮನೆಯ ಕತ್ತಲಲ್ಲಿ ತಡವಿದೆ:
ಅರಿವೆ ಉಬ್ಬಿತ್ತು, ಬಸುರಿಯ ಹೊಟ್ಟೆಯಂತೆ, ಬೆಚ್ಚಗೆ.
ಯಾವ ಊರೆಂದು ಅದಕ್ಕೆ ತಿಳಿಯದು.
ಸುಮ್ಮನೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತೆ.
ಮಾಡಲು ಕೆಲಸವಿರಲಿಲ್ಲ.

ಬೆಳಿಗ್ಗೆ ಚೀಟಿಯಲ್ಲಿ ಹಿಟ್ಟಿನ ದುಡ್ಡು ಬರೆದಿರಲಿಲ್ಲ.
ಕಪಾಟಿನ ಮೇಲೆ ಪುಟ್ಟ ಬಟ್ಟಲು, ತಟ್ಟೆ ಮುಚ್ಚಿತ್ತು;
ಕೇಳದೆ ತೆಗೆದುಕೊಂಡಿದ್ದಳು, ಒಂದು ಚಮಚ.
ನಾನು ನೋಡಿದ್ದನ್ನು ಅವಳೂ ನೋಡಿದಳು.
‘ಗೋಧಿ ಬೆರೆಸಬೇಡ’ ಎಂದಷ್ಟೇ ಹೇಳಿದೆ.

ಹೊರಗೆ ಎಗ್ಬರ್ಟ್ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ,
ಒಳ್ಳೆಯ ಕಣ್ಣಿನ ಕಡೆ ಮೊದಲು.
‘ಬೆಲ್ಟ್ ಹಾಕಿಕೋ’ ಅಂದ.
ಹಾಕಿಕೊಂಡೆ, ಜಾಡಿಯನ್ನೂ ಸೇರಿಸಿ.