ಹಳದಿ ಕಾಗದ ಮುಗಿದ ವಾರ

ಹಳದಿ ಕಾಗದ ಮುಗಿದಿದೆ.
ಡಿಸೆಂಬರಿನ ನಕ್ಷತ್ರಗಳೇ ಎಲ್ಲ ತಿಂದುಬಿಟ್ಟವು:
ಕಿಟಕಿಗೊಂದು ನಕ್ಷತ್ರ, ನಕ್ಷತ್ರಕ್ಕೆ ಐದು ಮೂಲೆ,
ಮೂಲೆಗೊಂದು ತಪ್ಪು, ತಪ್ಪಿಗೊಂದು ಹೊಸ ಹಾಳೆ.
ಬೀರು ತಡಕಿದರೆ ಸಿಕ್ಕಿದ್ದು
ಬೂದು ಬಣ್ಣದ ಮೂರು ಹಾಳೆ,
ಮುಚ್ಚಳ ಕಳಕೊಂಡು ಕಲ್ಲಾದ ಅಂಟು.

ಸರಕಿನ ಹಡಗು ಇನ್ನು
ಕೊಲ್ಲಿಯ ಹಿಮ ಬಾಯಿ ಬಿಟ್ಟ ಮೇಲೆ. ಮೇ ತಿಂಗಳು.
ಸೂರ್ಯ ಬರುವುದು ಸೋಮವಾರ.

ಇಲುಲಿಸ್ಸಾಟ್, ಒಂದನೇ ತರಗತಿ,
ಬೆಳಗಿನ ಎಂಟೂವರೆ. ಹೊರಗೆ ಗವ್ವೆನ್ನುವ ಕತ್ತಲು.
ಆರು ವಾರದಿಂದ ಮುಖ ತೋರಿಸಿಲ್ಲ ಅವಳು.
ಹೌದು, ಅವಳು. ನಮ್ಮಜ್ಜಿಯ ಕತೆಯಲ್ಲಿ ಸೂರ್ಯ ಹೆಣ್ಣು;
ಚಂದ್ರ ಒಡಹುಟ್ಟಿದವನು, ಕೆನ್ನೆಗೆ ಮಸಿ ಬಳಿಸಿಕೊಂಡವನು.

ಸೋಮವಾರ ಊರಿಗೆ ಊರೇ ಗುಡ್ಡ ಹತ್ತುತ್ತದೆ.
ನನ್ನ ಮಕ್ಕಳ ತಲೆಗಳ ಮೇಲೆ
ಹನ್ನೊಂದು ಸೂರ್ಯ ಇರಲೇಬೇಕು.
ಮನೆಯಲ್ಲಿ ಹಳದಿ ಏನಿದೆಯೋ ತನ್ನಿ ಎಂದೆ.

ತಂದರು.
ಅಕ್ಕಾಲುಕ್ ತಂದದ್ದು ಬಾಳೆಹಣ್ಣಿನ ಸಿಪ್ಪೆ,
ಗುರುವಾರದ ಹೊತ್ತಿಗೆ ಅದಕ್ಕೂ ರಾತ್ರಿಯಾಯಿತು.
ನಿವಿಯ ಕೈಯಲ್ಲಿ ಕಿತ್ತಳೆಹಣ್ಣಿನ ಬಲೆಚೀಲ, ತೂತೇ ಹೆಚ್ಚು.
ಯಾರೋ ಕಾಫಿಪುಡಿಯ ಪೊಟ್ಟಣ, ಯಾರೋ ಸಾಸಿವೆ ಡಬ್ಬಿಯ ಚೀಟಿ.
ಆಮೇಲೆ ಬಂತು, ಮಿನಿಕ್‌ನ ಅಪ್ಪ ಮೀನಿಗೆ ಹೋಗುವಾಗ ತೊಡುವ
ಹಳೇ ರೇನ್‌ಕೋಟಿನ ಒಂಟಿ ತೋಳು.
ಮೊಂಡು ಕತ್ತರಿ ಕಚ್ಚಿತು, ಜಗ್ಗಿತು, ಸೋತಿತು.
ಅಡುಗೆಮನೆಯ ಚಾಕು ತಂದು ನಾನೇ ಕೊಯ್ದೆ,
ಹಾಗೇ ಒಂದಿಷ್ಟು ಮೈದಾ ಅಂಟು ಕಾಯಿಸಿದೆ.
ಒಂದೇ ತೋಳಿನಿಂದ ಏಳು ಸೂರ್ಯರು ಎದ್ದರು,
ಏಳಕ್ಕೂ ಹಾಲಿಬಟ್ ಮೀನಿನ ವಾಸನೆ.

ಕಿರಣ ಕತ್ತರಿಸುವುದು ಸುಲಭವಲ್ಲ.
ಆರು ವರ್ಷದ ಕೈಗೆ ನೇರ ಗೆರೆ ಎಂದರೆ
ನಾಲಿಗೆ ಹೊರಗೆ ಬರಬೇಕು, ಉಸಿರು ಒಳಗೇ ನಿಲ್ಲಬೇಕು.
ಎಡಗೈಯ ಇವಾಲು ಕತ್ತರಿ ತಿರುಗಿಸುವ ಬದಲು
ತಾನೇ ಮೇಜಿನ ಸುತ್ತ ತಿರುಗುತ್ತಾಳೆ.
ಅವಳ ಸೂರ್ಯನಿಗೆ ಒಂದೇ ಕಡೆ ಕಿರಣ.
"ಇನ್ನೊಂದು ಕಡೆ?"
"ಇನ್ನೂ ಬೆಟ್ಟದ ಹಿಂದಿದೆ, ಟೀಚರ್."

ಸೋಮವಾರ.
ಉಣ್ಣೆ ಟೋಪಿಯ ಮೇಲೆ ಸೂರ್ಯ ನಿಲ್ಲುವುದಿಲ್ಲ,
ಸೂರ್ಯನ ಮೇಲೆ ಟೋಪಿ ಹಾಕಿದರೆ ಸೂರ್ಯ ಕಾಣುವುದಿಲ್ಲ.
ಸೇಫ್ಟಿ ಪಿನ್ನು, ದಾರ, ಒಂದಿಷ್ಟು ಅಳು.
ಗುಡ್ಡದ ಮೇಲೆ ಎಲ್ಲರೂ ದಕ್ಷಿಣಕ್ಕೆ ಮುಖ ಮಾಡಿ ನಿಂತೆವು,
ಥರ್ಮಾಸಿನ ಕಾಫಿ ಕೈಯಿಂದ ಕೈಗೆ.

ಮೋಡ.
ಬರೀ ಮೋಡ, ತೊಳೆಯದ ಪಾತ್ರೆಯ ತಳದಂತೆ.
ಹಾಡು ಮುಗಿಯಿತು. ಕಾಫಿಯೂ.
ಅಕ್ಕಾಲುಕ್ ಕಿರೀಟ ಕಿತ್ತು ಮೇಲೆತ್ತಿ ಕೂಗಿದ:
"ಹೀಗೆ! ಹೀಗೆ ಬರಬೇಕು!"
ಪಾಠ ಮರೆತವಳಿಗೆ ಹೇಳಿಕೊಡುವ ಹಾಗೆ.

ಮಂಗಳವಾರ ಮಧ್ಯಾಹ್ನ, ಕೂಡುವ ಲೆಕ್ಕದ ನಡುವೆ,
ಕೋಟು ತೂಗುಹಾಕುವ ಗೂಟಗಳ ಮೇಲುಗಡೆ, ಗೋಡೆಗೆ
ಬಿಸ್ಕತ್ತಿನಷ್ಟು ಬೆಳಕು ಬಿತ್ತು.
ಏಳಕ್ಕೆ ಐದು ಕೂಡಿಸುತ್ತಿದ್ದವರು ಆರರಲ್ಲೇ ನಿಂತರು.
ಕಿರೀಟಗಳೆಲ್ಲ ಹೀಟರಿನ ಮೇಲೆ
ಸುರುಟಿಕೊಂಡು ಒಣಗುತ್ತಿದ್ದವು.
ಇವಾಲು ಬೆಂಚು ಎಳೆದಳು, ಹತ್ತಿದಳು,
ಬೆಳಕಿನ ಅಂಚಿಗೆಲ್ಲ ಅಂಟು ಬಳಿಯತೊಡಗಿದಳು,
ಅವಸರದಿಂದ, ಎರಡು ಬೆರಳಲ್ಲಿ.

ಬೆಳಕು ಜಾರಿತು. ಅಂಟು ಉಳಿಯಿತು.
ಸಂಜೆ ಗುಡಿಸಲು ಬಂದ ಯೊರ್ಗೆನ್ ಕೇಳಿದ:
ಗೋಡೆಯ ಮೇಲೆ ಇದೇನು, ಒರೆಸಿಬಿಡಲೇ?
ಇರಲಿ ಬಿಡು ಎಂದೆ.

ಮೇ ತಿಂಗಳಲ್ಲಿ ಹಳದಿ ಕಾಗದ ಬರುತ್ತದೆ.
ಆಗ ಅವಳು ಮಲಗುವುದೇ ಇಲ್ಲ, ರಾತ್ರಿಯೂ ಬಾಗಿಲಲ್ಲೇ;
ಆಗ ನಮಗೆ ಬೇಕಾಗುವುದು
ಕಿಟಕಿಗೆ ಅಂಟಿಸಲು ಕಪ್ಪು ಕಾಗದ.