ಗೋಡೆಯ ಹೆಸರಿಗೆ

ತೀನ್ ಕಂದೀಲಿನಿಂದ ಎಡಕ್ಕೆ ಹೊರಳಿದರೆ ನಾಲ್ಕನೇ ಕಟ್ಟಡ.
ಮೂರು ಮಹಡಿ, ಹದಿನಾಲ್ಕು ಮಳಿಗೆ,
ಲಿಫ್ಟಿಗೆಂದು ಬಿಟ್ಟ ಗುಂಡಿಯಲ್ಲಿ ಪಾರಿವಾಳ.
ಇಪ್ಪತ್ತೆರಡು ವರ್ಷ ಇದರ ಕಂದಾಯ ವಸೂಲಿ ಮಾಡಿದವನು ನಾನು.
ಮನುಷ್ಯರ ಮುಖ ಮರೆಯುತ್ತೇನೆ,
ಕಟ್ಟಡದ ಅಳತೆ ಮರೆಯುವುದಿಲ್ಲ.

ಏಪ್ರಿಲ್ ಹುಟ್ಟಿದರೆ ಮೇಲಿನ ಮಹಡಿ ಒಂದು ಹಂಚು.
ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಫ್ರಿಜ್ಜು
ಈಯಲಾರದ ಎಮ್ಮೆಯ ಹಾಗೆ ನರಳುತ್ತಿತ್ತು.
ಬ್ಲೌಜ್ ಹೊಲಿಯುವ ಮೆಹಜಬೀನ್
ತಲೆ ಮೇಲೆ ಒದ್ದೆ ಟವೆಲ್ಲು ಹೊದ್ದು
ಕರೆಂಟ್ ಬಿಲ್ಲನ್ನು ನನ್ನ ಮುಂದೆ ಹಿಡಿಯುತ್ತಿದ್ದಳು.
ನಾ ಜೆಸ್ಕಾಂನವ ಅಲ್ಲವ್ವಾ ಎಂದರೆ
'ಸರ್ಕಾರ ಅಂದ್ರ ಎಲ್ಲಾ ಒಂದ ಅಲ್ಲೇನ್ರಿ?'

ಮಾಲೀಕ ಗಬ್ಬೂರ ಮಾಣಿಕಪ್ಪ
ಕೆಳಗೆ ಬೇವಿನ ನೆರಳಲ್ಲಿ ಕುರ್ಚಿ ಹಾಕಿ
'ಬಿಸಿಲು ಅವರದು, ಬಿಲ್ಲೂ ಅವರದು,
ನಾ ಯಾಕ ಛತ್ತಿಗಿ ಸುಣ್ಣ ಹಚ್ಚಲಿ?'
ಬಾಡಿಗೆಯವರ ಮಾತು ಬೇರೆ:
'ನಾಳೆ ಖಾಲಿ ಮಾಡು ಅಂದ್ರ
ಹಚ್ಚಿದ ಸುಣ್ಣ ಕೆತ್ತಿಕೊಂಡು ಹೋಗಾಕ ಬರ್ತದೇನ್ರಿ?'
ಇಬ್ಬರದೂ ಸರಿ.
ಎರಡು ಸರಿಗಳ ನಡುವೆ
ಹನ್ನೊಂದು ಬೇಸಿಗೆ ಕುದ್ದವು.

ಆ ವರ್ಷ ಆಫೀಸಿಗೆ ನೀಲಿ ಫಾರಂ ಬಂತು.
ಛಾವಣಿಗೆ ಬಿಳಿ ಲೇಪ, ಕಿಟಕಿಗೆ ಮರೆ,
ಹಳೆ ಮೋಟರಿಗೆ ಮುಕ್ತಿ, ಮೇಲೆ ಸೋಲಾರ್.
ಹಣ ಈಗ ಕೊಡುತ್ತಾರೆ,
ಹದಿನೈದು ವರ್ಷ ಕಂದಾಯದ ಕೂಡ ಕಟ್ಟುವುದು.
ಮಾಣಿಕಪ್ಪ ಕನ್ನಡಕ ಒರೆಸಿದ.
'ಜಾಮೀನು ಯಾರು?'
ಗೋಡೆ, ಅಂದೆ.
'ನಾ ಸತ್ತರ?'
ಗೋಡೆ.
'ಮಾರಿದರ?'
ಕೊಂಡವನಿಗೆ ಗೋಡೆ, ಗೋಡೆಯ ಬೆನ್ನಿಗೆ ಬಾಕಿ.

ಅವನು ಬಹಳ ಹೊತ್ತು ಮಾತಾಡಲಿಲ್ಲ.
ಅವನಪ್ಪ ಅಡತಿ ಅಂಗಡಿಗೆ ಬರೆದುಕೊಟ್ಟ ಒಂದು ನೋಟು
ಮೂವರು ಅಣ್ಣತಮ್ಮಂದಿರ ಒಲೆ ಬೇರೆ ಮಾಡಿತ್ತು.
ಸಾಲ ರಕ್ತದಲ್ಲಿ ಹರಿಯುತ್ತದೆ ಎಂದಷ್ಟೇ ಅವನಿಗೆ ಗೊತ್ತು,
ಇಟ್ಟಿಗೆಯಲ್ಲಿ ನಿಲ್ಲುತ್ತದೆ ಎಂದು
ಯಾರೂ ಹೇಳಿರಲಿಲ್ಲ.

ನನಗೆ ಮಾತ್ರ ಇದು ಹಳೆಯ ಸಂಗತಿ.
ಮಸ್ಕಿಯಲ್ಲಿ ನಾವಿದ್ದ ಮ್ಯಾಳಿಗಿ ಮನೆ
ಯಾರ ಹೆಸರಿಗಿತ್ತೋ ಅವ್ವನಿಗೂ ತಿಳಿಯದು.
ಮಳೆಗೆ ಮೊದಲು ಸವಳು ಮಣ್ಣು ಹೊತ್ತು ಮೇಲೆ ಹಾಕುವುದು
ಆ ವರ್ಷ ಒಳಗೆ ಮಲಗಿದವರ ಪಾಲು.
ಹಿಂದಿನವರು ಹಾಕಿದ ಮಣ್ಣಿನ ತಂಪಲ್ಲಿ ನಾವು ನಿದ್ದೆ ಮಾಡಿದೆವು,
ಲೆಕ್ಕ ಕೇಳಲು ಯಾರೂ ಬರಲಿಲ್ಲ.

ಬ್ಯಾಂಕಿನವರು ಎರಡು ತಿಂಗಳು ತಡೆದರು:
ನಮ್ಮ ಸಾಲಕ್ಕಿಂತ ಮುಂದೆ ನಿಮ್ಮ ಕಂದಾಯ ನಿಂತರೆ
ನಾವು ಎಲ್ಲಿ ನಿಲ್ಲಬೇಕು?
ನಾನು ಸುಸ್ತಾಗುವಷ್ಟು ಜೆರಾಕ್ಸ್ ಮಾಡಿಸಿದೆ.
ಕೊನೆಗೆ ಒಪ್ಪಿದರು, ಮುಖ ಗಂಟಿಕ್ಕಿಕೊಂಡೇ.

ಕೆಲಸ ಮುಗಿದ ಮೇಲೆ ಮಾಣಿಕಪ್ಪ
ಬಾಡಿಗೆಗೆ ಮುನ್ನೂರು ಏರಿಸಿದ.
ಮೆಹಜಬೀನ್ ಸೀಮೆಸುಣ್ಣದಲ್ಲಿ, ಬಟ್ಟೆಯ ಮೇಲೆಯೇ,
ಕಳೆದು ನೋಡಿದಳು. ಬಿಲ್ಲು ಇಳಿದದ್ದು ನಾನೂರ ಎಂಬತ್ತು.
'ನೂರಾ ಎಂಬತ್ತು ನಂದು' ಅಂದಳು,
ಅಷ್ಟೇನೂ ನಗದೆ. ಟವೆಲ್ಲು ಮೊಳೆಗೆ ನೇತಾಡುತ್ತಿತ್ತು.
ಶಕ್ತಿನಗರದ ಕಡೆಯಿಂದ ಗಾಳಿ ಬೀಸಿದ ದಿನ
ಫಲಕಗಳ ಮೇಲೆ ಬೂದಿ ಕೂರುತ್ತದೆ.
ಕಲ್ಲಿದ್ದಲು ತನ್ನ ಹೊಸ ದಾಯಾದಿಯ ಮುಖ
ಸವರಿ ನೋಡಿದ ಹಾಗೆ.
ವಾರಕ್ಕೊಮ್ಮೆ ಒರೆಸಬೇಕು.

ಹೋದ ವರ್ಷ ಕಟ್ಟಡ ಮಾರಿದರು.
ಕೊಂಡ ಲಿಂಗಸುಗೂರಿನ ಹುಡುಗ ರಸೀದಿ ಹಿಡಿದು ಬಂದ:
'ಏನ್ರಿ ಇದು, ನಾ ಮಾಡದ ಸಾಲ?'
ನನಗೆ ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು,
ವಾದ ಮಾಡುವ ಮನಸ್ಸಿರಲಿಲ್ಲ.
ಮೇಲೆ ಕರೆದುಕೊಂಡು ಹೋದೆ.
ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ,
ಕಣ್ಣು ಕುಕ್ಕುವ ಬಿಳುಪು.
ಚಪ್ಪಲಿ ಬಿಡ್ರಿ, ಅಂದೆ.

ಬಿಟ್ಟ.
ಕಾಲು ಎತ್ತಲಿಲ್ಲ.