ದುಲಂ ಚಕ್ರ ಬಿಚ್ಚಿದ ದಿನ

ಮೂರು ದಿನದಿಂದ ಹಿಂದಿನ ಚಕ್ರ ಗೊಣಗುತ್ತಿತ್ತು.
ಕುರಿಗಳಿಗೂ ಗೊತ್ತಾಗಿ ದೂರದಿಂದಲೇ ಸರಿದು ನಿಲ್ಲುತ್ತಿದ್ದವು.
ಚೊಯ್ಜಿಲ್ ಮಾತ್ರ ‘ಗಾಳಿ’ ಎಂದ.

ದುಲಂ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು
ಟೈರು ಅಲುಗಿಸಿದಳು:
ಹಾಲುಹಲ್ಲಿನ ಹಾಗೆ ಆಡಿತು.

ಹೋವ್ದಿನಿಂದ ತರಿಸಿದ ಹೊಸ ಬೇರಿಂಗು ಎರಡನ್ನು
ಕಾಲುಚೀಲದಲ್ಲಿ ಕಟ್ಟಿ
ರಾತ್ರಿಯಿಡೀ ಉಣ್ಣೆಗುಡಾರದ ಹೊರಗೆ ತೂಗುಹಾಕಿದಳು.
ಸೊನ್ನೆಗಿಂತ ಮೂವತ್ತೆಂಟು ಕೆಳಗೆ. ಬಿಟ್ಟಿ ಚಳಿ.
ಕುಗ್ಗಲಿ, ಕೂದಲೆಳೆಯಷ್ಟು.
ಬೆಳಿಗ್ಗೆ ಚಹಾದ ಪಾತ್ರೆ ಇಳಿಸಿ
ಹಬ್ಬನ್ನು ಬೆರಣಿಯ ಬೆಂಕಿಗೆ ಕೂರಿಸಿದಳು, ರಬ್ಬರು ತಾಗದ ಹಾಗೆ.
ಹಿಗ್ಗಲಿ, ಅಷ್ಟೇ.

ಹಳೆಯದು ಸುಲಭಕ್ಕೆ ಬರಲಿಲ್ಲ.
ಈ ಅಂಚಿಗೊಂದೇಟು, ಆ ಅಂಚಿಗೊಂದೇಟು,
ಕೊನೆಗೆ ತುಕ್ಕು ಕಕ್ಕುತ್ತ ಉದುರಿತು;
ಒಂದು ಗುಂಡು ಒಲೆಯಡಿ ಉರುಳಿಹೋಯಿತು.

ಹೊಸದು ಟಪ್ಪೆಂದು ಕೂತಿತು. ಎರಡನೆಯದೂ.
ಚೊಯ್ಜಿಲ್ ಚಪ್ಪಾಳೆ ತಟ್ಟಿದ.

ಆಗ ಕಂಡಿತು, ಅವಳ ಬೂಟಿನ ಪಕ್ಕ, ಆ ಗೇಣುದ್ದದ ಕೊಳವೆ:
ಎರಡರ ನಡುವೆ ಒಳಗಿರಬೇಕಾದ್ದು,
ಯಾರ ಕಣ್ಣಿಗೂ ಬೀಳದೆ
ಅಚ್ಚಿನ ಬಿಗಿತವೆಲ್ಲ ಹೊರಬೇಕಾದ್ದು.

ಯಾರೂ ನಗಲಿಲ್ಲ.
ಹೊಸದನ್ನೇ ಈಗ ಹೊಡೆದು ತೆಗೆಯಬೇಕು.
ದುಲಂ ಸುತ್ತಿಗೆಗೆ ಕೈ ಚಾಚಿ
‘ಬೆರಣಿ ತಾ’ ಎಂದಳು,
‘ಚಹಾ ಇಡು ಅಂದಿಲ್ಲ.’